ಗಾಜಿನ ಚೂರು ಗುಡಿಸಿಸಿ

ಮಾನ್ಯರೇ,

ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನ ಮುಗಿಸಬೇಕಾದ ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಯನ್ನು ಈ ಸಲ 7 ಗಂಟೆ 12 ನಿಮಿಷದಲ್ಲಿ ಮುಗಿಸಿದೆ. ನನ್ನ ಹಿಂದಿನ ಸಲಕ್ಕಿಂತ 29 ನಿಮಿಷ ಬೇಗ. ವಯಸ್ಸು 52, ಬ್ಯಾಂಕ್ ನೌಕರಿ. ಪಣಜಿಯ ಮೀರಾಮಾರ್ ಕಡಲಿನಲ್ಲಿ 1.9 ಕಿ.ಮೀ. ಈಜಿದ್ದಕ್ಕಿಂತ ಉಪ್ಪುನೀರು ಕುಡಿದದ್ದೇ ಹೆಚ್ಚು. ಕೊನೆಯ 21.1 ಕಿ.ಮೀ. ಓಟಕ್ಕೆ ಟೋಪಿಯೊಳಗೆ ಮಂಜುಗಡ್ಡೆ ತುಂಬಿಕೊಂಡೆ. ಕರಗಿದ ನೀರು ಬೂಟಿನವರೆಗೂ ಇಳಿಯಿತು. ಸಮಯ ಉಳಿದದ್ದು 90 ಕಿ.ಮೀ. ಸೈಕಲ್ ಹಾದಿಯಲ್ಲಿ. ಒಂದೂ ಪಂಕ್ಚರ್ ಇಲ್ಲ!

ನಮ್ಮೂರ ಹೆದ್ದಾರಿಯ ಅಂಚಿನಲ್ಲಿ ಅಭ್ಯಾಸ ಮಾಡಿದ ಆರು ತಿಂಗಳಲ್ಲಿ ಹನ್ನೊಂದು ಟ್ಯೂಬ್ ಬದಲಿಸಿದ್ದೇನೆ. ಎಲ್ಲವೂ ಬಾಟಲಿ ಚೂರಿನ ಪ್ರಸಾದ. ಎರಡು ಅರ್ಜಿ ಕೊಟ್ಟರೂ ಪೊರಕೆ ಬರಲಿಲ್ಲ. ಭಾನುವಾರ ಬೆಳಿಗ್ಗೆಯಾದರೂ ಗುಡಿಸಿಸಬಾರದೇ? ಶನಿವಾರ ರಾತ್ರಿಯ ಬಾಟಲಿಗಳೇ ಹೆಚ್ಚು.

– ಸೈಕಲ್ ಸವಾರ, ಉತ್ತರ ಕರ್ನಾಟಕ