ಅಗಲದ ಟೈರ್ ಕೊಳ್ಳುವ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಟೊಯೋಟಾ ಜಿಟಿ86 ಕಾರಿನ ಕಂಪನಿ ರಿಮ್ಮಿಗೇ ಅಗಲದ ಟೈರ್ ಹಾಕಿಸಬಹುದಾ ಅಂತ ಮೂರ್ನಾಲ್ಕು ಜನ ಕೇಳಿದ್ದೀರಿ. 17 ಇಂಚಿನ ರಿಮ್ ಇರುವವರಿಗೆ ಈ ಮಾತು.

ಆ ರಿಮ್ಮಿನ ಅಗಲ 7 ಇಂಚು, ಅದರ ಟೈರ್ 215/45 ಆರ್17. ಅಂದರೆ ಟೈರಿನ ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ 45%, ರಿಮ್ 17 ಇಂಚು. ಇದಕ್ಕೆ 225/45 ಸರಿಯಾಗಿ ಕೂರುತ್ತದೆ, ಅಲ್ಲಿಗೆ ನಿಲ್ಲಿಸಿ. 235/45ಕ್ಕೆ ಕನಿಷ್ಠ 7.5 ಇಂಚಿನ ರಿಮ್ ಬೇಕು. ಇಕ್ಕಟ್ಟಾದ ರಿಮ್ಮಿಗೆ ತುರುಕಿದರೆ ಟೈರಿನ ಪಕ್ಕದ ಗೋಡೆ ಪೂರಿಯ ಹಾಗೆ ಉಬ್ಬುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದ ಮೇಲೆ ಆ ಗೋಡೆ ಮೊದಲು ವಾಲುತ್ತದೆ, ಗಾಡಿ ಆಮೇಲೆ ತಿರುಗುತ್ತದೆ. ಹಿಡಿತ ಜಾಸ್ತಿ ಬೇಕು ಅಂತ ತಾನೇ ದುಡ್ಡು ಕೊಟ್ಟಿದ್ದು? ನನ್ನ ಕೇಳಿದರೆ, ಸುಮ್ನೆ ಅಗಲ ಹೆಚ್ಚಿಸುವುದಕ್ಕಿಂತ 215ರಲ್ಲೇ ಒಳ್ಳೆಯ ರಬ್ಬರಿನ ಟೈರ್ ಹಾಕಿಸಿ. ಈ ಗಾಡಿಯ ಸೊಗಸು ಇರುವುದೇ ಅದರ ಚುರುಕಿನಲ್ಲಿ.

225/45 ಹಾಕಿದರೆ ಚಕ್ರದ ಎತ್ತರ 9 ಮಿ.ಮೀ. ಹೆಚ್ಚುತ್ತದೆ. ಸ್ಪೀಡೋಮೀಟರ್ ಮುಂಚಿನಷ್ಟೇ ತೋರಿಸುವಾಗ ನಿಜವಾದ ವೇಗ ಸುಮಾರು 1.4% ಜಾಸ್ತಿ ಇರುತ್ತದೆ.

ಮೊದಲು ಒಂದೇ ಚಕ್ರ ಕೂರಿಸಿ ನೋಡಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಸಸ್ಪೆನ್ಷನ್ ಕಂಬಕ್ಕೂ ಟೈರಿಗೂ ನಡುವೆ ಕಿರುಬೆರಳು ಆರಾಮಾಗಿ ಹೋಗಬೇಕು. ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ಕಿನ ಮೇಲೆ ಹೊಳೆಯುವ ಗೀರು ಕಂಡರೆ ಟೈರ್ ತಾಗುತ್ತಿದೆ ಅಂತಲೇ ಅರ್ಥ.

ಟೈರ್ ಎಷ್ಟು ಭಾರ, ಎಷ್ಟು ವೇಗ ತಡೆಯುತ್ತದೆ ಅಂತ ಅದರ ಮೇಲೆ ಇರುವ ಗುರುತು ಹಳೆಯದಕ್ಕಿಂತ ಕಡಿಮೆ ಇರಬಾರದು. ಇನ್ಶೂರೆನ್ಸ್‌ನವರಿಗೂ ಮೊದಲೇ ಹೇಳಿಬಿಡಿ.

ಅಳತೆ ಬಗ್ಗೆ ಅನುಮಾನ ಇದ್ದರೆ ಟೈರಿನ ಪಕ್ಕದ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.