ವಾರದ ಕಾಮಿಕ್ಸ್ ಬಗ್ಗೆ ಕನ್ನಡ ಪೇಪರಲ್ಲೂ ಬರ್ಲಿ

ಸಂಪಾದಕರಿಗೆ ನಮಸ್ಕಾರ,

ನಂಗೆ ಬುಧವಾರ ಅಂದ್ರೆ ಹಬ್ಬ ಸರ್, ಅಮೆರಿಕದಲ್ಲಿ ಹೊಸ ಕಾಮಿಕ್ಸ್ ಹೆಚ್ಚಾಗಿ ಬರೋದು ಅವತ್ತೇ. ಈ ವಾರ ಮಳೆಗೆ ಕರೆಂಟ್ ಹೋಗಿತ್ತು, ಆದ್ರೂ ಬಿಡ್ಲಿಲ್ಲ, ಫೋನಲ್ಲಿ ಚಾರ್ಜ್ ಇರೋವರೆಗೂ ಓದಿದ್ದೇ.

ನನ್ ಪ್ರಕಾರ ಈಗ ಬರ್ತಾ ಇರೋದ್ರಲ್ಲಿ ಅಬ್ಸೊಲ್ಯೂಟ್ ಬ್ಯಾಟ್‌ಮ್ಯಾನ್ ಭಾರೀ ಒಳ್ಳೇದುಂಟು, 2024ರ ಅಕ್ಟೋಬರಲ್ಲಿ ಶುರುವಾದದ್ದು, ಬರೆಯೋದು ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೋಟಾ. ಇದ್ರಲ್ಲಿ ಬ್ರೂಸ್ (ಬ್ಯಾಟ್‌ಮ್ಯಾನ್‌ನ ನಿಜವಾದ ಹೆಸರು) ಹತ್ರ ಹಳೇ ಕಥೆಗಳ ಹಾಗೆ ಕೋಟಿಗಟ್ಲೆ ದುಡ್ಡಿಲ್ಲ, ಬಂಗ್ಲೆ ಇಲ್ಲ, ಅಮ್ಮ ಬದುಕಿದ್ದಾರೆ, ದುಡಿದು ತಿನ್ನೋ ಮನೆ ಹುಡುಗ. ಎದೆ ಮೇಲಿನ ಬಾವಲಿ ಗುರುತನ್ನೇ ಕಿತ್ತು ಕೊಡಲಿ ಮಾಡ್ಕೊಳ್ತಾನೆ ನೋಡಿ, ಆ ಪುಟ ದೊಡ್ಡದು ಮಾಡಿ ಮಾಡಿ ನೋಡ್ದೆ, ಭುಜವೇ ಒಂದು ಬಾಗಿಲಿನಷ್ಟು ಅಗಲ!

ಬೇಜಾರು ಎಂತ ಅಂದ್ರೆ ದೊಡ್ಡ ಕಂಪೆನಿಗಳು ಒಂದೇ ಕಥೆನ ಐದಾರು ಪುಸ್ತಕಕ್ಕೆ ಹಂಚ್ತವೆ, ಒಂದು ತಪ್ಪಿದ್ರೆ ತಲೆಬುಡ ಗೊತ್ತಾಗಲ್ಲ, ಕಾಲೇಜು ಮಕ್ಕಳು ಅಷ್ಟು ದುಡ್ಡು ಎಲ್ಲಿಂದ ತರ್ಬೇಕು ಮಾರಾಯ್ರೆ.

1967ರಲ್ಲಿ ಅಮರ ಚಿತ್ರ ಕಥಾ ಶುರು ಮಾಡಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲೇ. ಅಂಥ ಊರಿನ ಕಡೆಯವರು ನಾವು, ಕಾಮಿಕ್ಸ್ ಬಗ್ಗೆ ಕನ್ನಡದಲ್ಲಿ ಓದೋಕೆ ಹುಡುಕ್ಬೇಕಾ? ಭಾನುವಾರದ ಪುರವಣಿಲಿ ಅರ್ಧ ಪುಟ ಕೊಡಿ ಸರ್, ಹೊಸ ಪುಸ್ತಕದ ವಿಮರ್ಶೆ, ನಮ್ಮ ಹುಡುಗ್ರು ಬರೆದ ಒಂದು ಚಿತ್ರಕಥೆ, ಅಷ್ಟು ಸಾಕು.

— ಕಾಮಿಕ್ಸ್ ಅಭಿಮಾನಿ, ಉಡುಪಿ