ಫೋನ್ ಸೈಲೆಂಟ್ ಮಾಡಿದರೆ ಸಾಲದು

ಮಾನ್ಯ ಸಂಪಾದಕರೇ,

ಓದಲು ಕೂತರೆ ಗಮನ ನಿಲ್ಲುವುದಿಲ್ಲ ಎಂದವರಿಗೆಲ್ಲ ಸಿಗುವ ಉಪದೇಶ ಒಂದೇ: ಮನಸ್ಸು ಗಟ್ಟಿ ಮಾಡಿಕೊಳ್ಳಿ, ಫೋನ್ ಸೈಲೆಂಟ್‌ಗೆ ಹಾಕಿ. ಅಷ್ಟರಿಂದ ಆಗುವ ಕೆಲಸವಲ್ಲ ಇದು. ಕಚೇರಿ ಕೆಲಸಗಾರರನ್ನು ವರ್ಷಗಟ್ಟಲೆ ಗಮನಿಸಿದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಕಂಡುಕೊಂಡಂತೆ, ಕೆಲಸದ ನಡುವಿನ ಅಡ್ಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ನಾವೇ ತಂದುಕೊಳ್ಳುತ್ತೇವೆ. ಒಂದೇ ಪರದೆಯ ಮೇಲೆ ಗಮನ ನಿಲ್ಲುವ ಸರಾಸರಿ ಹೊತ್ತು 2004ರಲ್ಲಿ ಎರಡೂವರೆ ನಿಮಿಷವಿತ್ತು; ಈಚೆಗೆ ಅದು 47 ಸೆಕೆಂಡಿಗೆ ಇಳಿದಿದೆ.

ಒಳಗಿನಿಂದ ಏಳುವ ಈ ಅಡ್ಡಿಗೆ ಮದ್ದು ಪಕ್ಕದಲ್ಲೊಂದು ತುಂಡು ಕಾಗದ. ಓದುತ್ತಿರುವಾಗ ಗೊತ್ತಿಲ್ಲದ ಪದವೊಂದು ಎದುರಾಗುತ್ತದೆ, ಕೈ ತಾನಾಗಿಯೇ ಫೋನಿಗೆ ಹೋಗುತ್ತದೆ. ಅರ್ಥ ನೋಡಲು ಹೋದವರು ಮೆಸೇಜ್ ನೋಡಿ, ಅಲ್ಲಿಂದ ವಿಡಿಯೊಗೆ ಜಾರಿ, ಕೊನೆಗೆ ಪದವನ್ನೇ ಮರೆತು ವಾಪಸಾಗುತ್ತಾರೆ. ಅದರ ಬದಲು ಪದವನ್ನು ಕಾಗದದಲ್ಲಿ ಗೀಚಿಟ್ಟು ಮುಂದಕ್ಕೆ ಓದಿ. ನೆನಪಾದ, ಕಟ್ಟಬೇಕಾದ ಬಿಲ್, ಮಾಡಬೇಕಾದ ಕರೆ, ಎಲ್ಲವೂ ಅಲ್ಲಿಗೇ. ಎಷ್ಟೋ ಪದಗಳ ಅರ್ಥ ಮುಂದಿನ ಪುಟದಲ್ಲೇ ಸಿಕ್ಕಿರುತ್ತದೆ.

ಇನ್ನು ಫೋನಿನ ವಿಷಯ. ನೋಟಿಫಿಕೇಶನ್‌ಗಳನ್ನು ಒಂದೇಟಿಗೆ ಬಂದ್ ಮಾಡಿದವರು ‘ಮನೆಯಿಂದ ಕರೆ ಬಂದಿತ್ತೇನೋ’ ಎಂಬ ಆತಂಕಕ್ಕೆ ಮತ್ತೆ ಮತ್ತೆ ತೆಗೆದು ನೋಡುತ್ತಾರೆ. ಅದರ ಬದಲು ಕರೆ, ಮೆಸೇಜ್‌ಗಳ ಸದ್ದು ತಡೆಯುವ ‘ಡು ನಾಟ್ ಡಿಸ್ಟರ್ಬ್’ ಸೆಟ್ಟಿಂಗ್ ಹಾಕಿ, ತೀರಾ ಬೇಕಾದ ನಾಲ್ಕೈದು ಜನರ ಕರೆಗೆ ಮಾತ್ರ ದಾರಿ ಬಿಡಿ. ಎರಡನೇ ಬಾರಿ ಕರೆ ಮಾಡಿದವರನ್ನು ಒಳಬಿಡುವ ಸೌಲಭ್ಯವೂ ಅದರಲ್ಲಿದೆ: ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನ್‌ನಲ್ಲಿ 3 ನಿಮಿಷದೊಳಗೆ ಅದೇ ಸಂಖ್ಯೆಯಿಂದ ಮತ್ತೆ ಕರೆ ಬಂದರೆ ಫೋನ್ ರಿಂಗಾಗುತ್ತದೆ. ಆ್ಯಪ್ ಚಿಹ್ನೆಯ ಮೂಲೆಯಲ್ಲಿ ಕೂರುವ ಕೆಂಪು ಸಂಖ್ಯೆಯನ್ನು ಬಹಳ ಮಂದಿ ಮರೆಯುತ್ತಾರೆ. ಸದ್ದಿಲ್ಲದಿದ್ದರೂ ಕಣ್ಣನ್ನು ಎಳೆಯುವುದು ಅದೇ. ಸೆಟ್ಟಿಂಗ್ಸ್‌ನಲ್ಲಿ ಅದನ್ನೂ ತೆಗೆಯಿರಿ. ಇಷ್ಟಾದ ಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕುವುದಲ್ಲ, ರಿಂಗಾದರೆ ಕೇಳಿಸುವಷ್ಟು ದೂರದ ಬೇರೆ ಕೋಣೆಯಲ್ಲಿಡಿ. ಎದ್ದು ಹೋಗಿ ತರಬೇಕಾದಾಗ ಕೈಯ ಚಪಲ ಅರ್ಧ ಅಡಗುತ್ತದೆ.

ನಡುವೆ ಏಳಲೇಬೇಕಾದರೆ ಒಂದು ಸಾಲು ಬರೆದು ಏಳಿ: ‘ಮೂರನೇ ಲೆಕ್ಕದ ಎರಡನೇ ಹಂತ ಮುಗಿದಿದೆ, ಚಿಹ್ನೆ ತಾಳೆ ನೋಡಬೇಕು.’ ಬಿಟ್ಟುಬಂದ ಕೆಲಸದ ಒಂದಿಷ್ಟು ಯೋಚನೆ ಮುಂದಿನ ಕೆಲಸಕ್ಕೂ ಅಂಟಿಕೊಂಡೇ ಬರುತ್ತದೆ ಎಂಬುದನ್ನು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು. ಆ ಒಂದು ಸಾಲು ಅದನ್ನು ಇಳಿಸುತ್ತದೆ, ಮರಳಿ ಬಂದಾಗ ಎಲ್ಲಿಂದ ಎಂದು ತಡಕಾಡುವುದೂ ತಪ್ಪುತ್ತದೆ.

ವಿರಾಮದಲ್ಲಿ ಫೋನ್ ಬೇಡವೇ ಬೇಡ. ರೀಲ್ಸ್‌ಗೆ ಕೊನೆಯೆಂಬುದೇ ಇಲ್ಲ, ಹಾಗಾಗಿ 5 ನಿಮಿಷ 20 ಆಗುತ್ತದೆ. ನೀರು ಕುಡಿಯಿರಿ, ಕಿಟಕಿಯಾಚೆ ದೂರಕ್ಕೆ ನೋಡಿ, ನಾಲ್ಕು ಹೆಜ್ಜೆ ಹಾಕಿ.

ಮೊದಲ ದಿನವೇ ಎರಡು ಗಂಟೆ ಕೂರುತ್ತೇನೆಂದು ಹೊರಡುವವರೇ ಬೇಗ ಕೈಚೆಲ್ಲುವುದು. 15 ನಿಮಿಷದಿಂದ ಶುರುಮಾಡಿ. ಅದು ಸಲೀಸಾದರೆ ಮುಂದಿನ ವಾರ 20 ಮಾಡಿ, ಆಗದಿದ್ದರೆ ಇನ್ನೊಂದು ವಾರ 15ರಲ್ಲೇ ಇರಿ.

ಇಂತಿ,
ನಿಮ್ಮ ಓದುಗ